ಹೌ ಬಾವೊಲಿನ್: ಗಂಟು ಕಟ್ಟಿ ಕೊಡವಿದವರು

ಶಿಯಾಂಗ್‌ಶೆಂಗ್ ಎಂಬುದು ಬೀಜಿಂಗ್ ಮತ್ತು ಟಿಯಾಂಜಿನ್ ನಗರಗಳ ಬೀದಿಯಲ್ಲಿ ಬೆಳೆದ ಚೀನೀ ನಗೆಮಾತಿನ ಕಲೆ. ಇಪ್ಪತ್ತನೆಯ ಶತಮಾನದಲ್ಲಿ ಆ ಕಲೆಯ ದೊಡ್ಡ ಹೆಸರು ಹೌ ಬಾವೊಲಿನ್ ಅವರದು. 1917ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡ ಹೌ ಅವರ ಕೈಗೆ ಈ ವಿದ್ಯೆ ಬಂದಾಗ ಅದು ಸಂತೆಮಾಳದ ಗಂಡಸರು ಸುತ್ತ ನಿಂತು ಕೇಳುವ ಒರಟು ಆಟವಾಗಿತ್ತು. ಅವರು ಬಿಟ್ಟುಹೋಗುವಾಗ ಅದು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಬಾನುಲಿಯಲ್ಲಿ ಕೇಳುವಂಥದ್ದಾಗಿತ್ತು.

ಶಿಯಾಂಗ್‌ಶೆಂಗ್ ಎಂಬ ಪದದ ಮೊದಲರ್ಧಕ್ಕೆ ಚಹರೆ, ಉಳಿದರ್ಧಕ್ಕೆ ದನಿ ಎಂದು ಅರ್ಥ. ಇದಕ್ಕೆ ಬೇಕಾದ ಸರಂಜಾಮು ಬಲು ಕಡಿಮೆ. ಒಂದು ಮೇಜು, ಮಡಿಸುವ ಬೀಸಣಿಗೆ, ಕರವಸ್ತ್ರ, ಮೇಜಿನ ಮೇಲೆ ಕುಟ್ಟಲು ಒಂದು ಮರದ ತುಂಡು. ಬಣ್ಣ, ಕಿರೀಟ ಯಾವುದೂ ಇಲ್ಲ. ಪಾದದವರೆಗೆ ಇಳಿಯುವ ನಿಲುವಂಗಿ ಇದ್ದರೆ ಸಾಕು. ಒಬ್ಬನೇ ನಿಂತು ಕತೆ ಹೇಳುವುದುಂಟು, ಮೂವರು ನಾಲ್ವರು ಸೇರಿ ಆಡುವುದೂ ಉಂಟು. ಆದರೆ ಹೆಚ್ಚು ಬಳಕೆಯಲ್ಲಿರುವುದು ಜೋಡಿಯಾಟ. ಜೋಡಿಯಲ್ಲಿ ಒಬ್ಬ ಮಾತನ್ನು ಮುಂದಕ್ಕೊಯ್ದು ನಗೆ ಹುಟ್ಟಿಸುವವನು. ಇನ್ನೊಬ್ಬ ಮೇಜಿನ ಹಿಂದೆ ನಿಂತು ಹೂಂಗುಟ್ಟುವವನು, ನಡುನಡುವೆ ಅನುಮಾನ ತೆಗೆಯುವವನು, ಕೇಳುವವರ ಮನಸ್ಸಿನ ಪ್ರಶ್ನೆಯನ್ನು ಅವರಿಗಿಂತ ಅರೆಕ್ಷಣ ಮೊದಲೇ ಕೇಳುವವನು. ನೋಡುವವರಿಗೆ ಅವನ ಕೆಲಸ ಹಗುರವೆನಿಸುತ್ತದೆ. ಕಸುಬಿನವರ ಲೆಕ್ಕ ಬೇರೆ: ನಗಿಸುವವನ ಪಾಲು ಮೂರಾದರೆ ಹೂಂಗುಟ್ಟುವವನ ಪಾಲು ಏಳು ಎನ್ನುತ್ತಾರೆ.

ಕಲಿಯುವವನಿಗೆ ನಾಲ್ಕು ವಿದ್ಯೆ ಬರಬೇಕು: ಹೇಳುವುದು, ಅನುಕರಿಸುವುದು, ಕೆಣಕುವುದು, ಹಾಡುವುದು. ಹೇಳುವುದೆಂದರೆ ಬರಿ ಮಾತಲ್ಲ. ನೂರಾರು ಬಗೆಯ ಅಡುಗೆಯ ಹೆಸರನ್ನು ಉಸಿರು ಕಟ್ಟಿ ಒಂದೇ ಓಟದಲ್ಲಿ ಒಪ್ಪಿಸುವಂಥ ಪಾಠಗಳು ಅದರಲ್ಲಿ ಸೇರಿವೆ. ನಗೆಯ ಮಾತಿಗೆ ಈ ಕಸುಬಿನವರಿಟ್ಟ ಹೆಸರು ‘ಗಂಟು’. ಬಟ್ಟೆ ಹಾಸಿ, ಸಾಮಾನನ್ನು ಒಂದೊಂದಾಗಿ ಒಳಗಿಟ್ಟು, ಏನು ಕಟ್ಟುತ್ತಿದ್ದಾನೆಂದು ಎದುರಿನವರಿಗೆ ತಿಳಿಯದಂತೆ ಬಿಗಿದು, ಕೊನೆಗೆ ಒಮ್ಮೆಲೇ ಕೊಡವಿಬಿಡಬೇಕು. ಮೂರು ಸಲ ಮಗುಚಿ ನಾಲ್ಕನೆಯ ಸಲ ಕೊಡವಬೇಕೆಂಬುದು ಗುರುಪಾಠ. ಗಂಟು ಮೊದಲೇ ಸಡಿಲವಾದರೆ ನಗು ಬರುವುದಿಲ್ಲ. ತೀರ ತಡವಾದರೆ ಕೇಳುವವನು ಎದ್ದುಹೋಗಿರುತ್ತಾನೆ.

ಈ ಪರಂಪರೆಯ ಮೂಲಪುರುಷರಲ್ಲಿ ಒಬ್ಬನಾದ ಝು ಶಾವೊವೆನ್ ಹತ್ತೊಂಬತ್ತನೆಯ ಶತಮಾನದವನು. ‘ಬಡತನಕ್ಕೆ ಅಂಜದವನು’ ಎಂಬುದು ಅವನ ಅಡ್ಡಹೆಸರು. ಮೊದಲು ಸಂಗೀತ ನಾಟಕದಲ್ಲಿ ವಿದೂಷಕನಾಗಿದ್ದ ಅವನು, ಚಕ್ರವರ್ತಿಯ ಸೂತಕದಲ್ಲಿ ನಾಟಕಶಾಲೆಗಳು ಮುಚ್ಚಿದ್ದರಿಂದ ಬೀದಿಗಿಳಿದನೆಂದು ಪರಂಪರೆ ಹೇಳುತ್ತದೆ. ಬಿಳಿ ಮರಳನ್ನು ಬೆರಳ ಸಂದಿಯಿಂದ ಉದುರಿಸುತ್ತ ನೆಲದ ಮೇಲೆ ಅಕ್ಷರ ಬರೆಯುವುದು, ಆ ಅಕ್ಷರವನ್ನೇ ಒಡೆದು ಕೂಡಿಸಿ ತಮಾಷೆ ಮಾಡುವುದು ಅವನ ಪಟ್ಟು. ಅವನ ಅನಂತರದವರೂ ಆಟಕ್ಕೆ ಮೊದಲು ಮರಳಿನಿಂದ ನೆಲದ ಮೇಲೆ ಒಂದು ವೃತ್ತ ಎಳೆಯುತ್ತಿದ್ದರು. ಹಾಗೆ ಮಾಡುವುದಕ್ಕೆ ಅವರ ನಡುವೆ ಇದ್ದ ಮಾತು ‘ಪಾತ್ರೆ ಬರೆಯುವುದು’. ಅನ್ನ ಬೇಯಿಸಲು ಮನೆಯಲ್ಲಿ ಪಾತ್ರೆ ಇಲ್ಲದವನು ನೆಲದ ಮೇಲೆ ಪಾತ್ರೆಯ ಬಾಯಿ ಬರೆದು ಅದರೊಳಗೆ ನಿಂತು ದುಡಿಯುತ್ತಾನೆ. ಗಾಳಿ ಎದ್ದರೆ ಸಂಪಾದನೆ ಅರ್ಧ, ಮಳೆ ಬಂದರೆ ಅದೂ ಇಲ್ಲ.

ಹೌ ಬಾವೊಲಿನ್ ಹುಟ್ಟಿದ್ದು ಟಿಯಾಂಜಿನ್‌ನಲ್ಲಿ, ಮಂಚು ಮನೆತನದಲ್ಲಿ ಎನ್ನುತ್ತಾರೆ. ಹೆತ್ತವರು ಯಾರೆಂಬುದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಸುಮಾರು ನಾಲ್ಕು ವರ್ಷದ ಮಗುವಾಗಿದ್ದಾಗ ಸೋದರಮಾವನೆನಿಸಿದವನು ರೈಲು ಹತ್ತಿಸಿ ಬೀಜಿಂಗಿಗೆ ಕರೆತಂದು ಹೌ ಎಂಬವರ ಮನೆಗೆ ದತ್ತು ಕೊಟ್ಟ. ಸಾಕುತಂದೆ ರಾಜಕುಮಾರ ಝೈತಾವೊನ ಅರಮನೆಯಲ್ಲಿ ಅಡುಗೆಯವನು. ಝೈತಾವೊ ಎಂದರೆ ಗುವಾಂಗ್‌ಶು ಚಕ್ರವರ್ತಿಯ ತಮ್ಮ, ಕೊನೆಯ ಚಕ್ರವರ್ತಿ ಪುಯಿಯ ಚಿಕ್ಕಪ್ಪ. ಆದರೆ ರಾಜಪ್ರಭುತ್ವ 1912ರಲ್ಲೇ ಮುಗಿದಿತ್ತು. ರಾಜಮನೆತನಗಳು ಕರಗಿದಂತೆ ಅವುಗಳ ಅಡುಗೆಮನೆಗಳೂ ಕರಗಿದವು. ಸಾಕುತಂದೆಯ ಕೆಲಸ ಹೋಯಿತು. ಹುಡುಗ ಬೂದಿಗುಡ್ಡೆಯಲ್ಲಿ ಅರೆಸುಟ್ಟ ಕಲ್ಲಿದ್ದಲು ಹೆಕ್ಕಿದ, ನೀರು ಹೊತ್ತ, ಪತ್ರಿಕೆ ಮಾರಿದ, ಗಂಜಿಕೇಂದ್ರದ ಸಾಲಿನಲ್ಲಿ ನಿಂತ, ಬೇಡಿಯೂ ತಿಂದ. ಧರ್ಮದ ಶಾಲೆಯೊಂದರಲ್ಲಿ ಕೆಲವು ಕಾಲ ಕುಳಿತದ್ದೇ ಅವನ ಶಾಲಾ ವಿದ್ಯಾಭ್ಯಾಸ.

ಹನ್ನೆರಡನೆಯ ವಯಸ್ಸಿಗೆ, 1929ರ ಸುಮಾರಿಗೆ, ಯಾನ್ ಝೆಫು ಎಂಬ ಗುರುವಿನ ಬಳಿ ಅವನನ್ನು ಪೀಕಿಂಗ್ ಆಪೆರಾ ಕಲಿಯಲು ಬಿಟ್ಟರು. ದೊಡ್ಡ ನಾಟಕಶಾಲೆಯ ಕಲಿಕೆ ಅದಲ್ಲ. ಬಯಲಲ್ಲಿ ಹಾಡಿ ಕಾಸು ಕೂಡಿಸುವ ಬಡ ತಂಡದ ಕಲಿಕೆ. ಗುರುವಿನ ಮನೆಯ ಚಾಕರಿಯೂ ಕಲಿಕೆಯ ಭಾಗ. ಆದರೂ ಹುಡುಗನ ಕಿವಿ ತೆರೆದದ್ದು ಅಲ್ಲೇ. ಗಂಡುಪಾತ್ರ, ಹೆಣ್ಣುಪಾತ್ರ, ಮುದುಕಿ, ಬಣ್ಣದ ಮುಖದ ವೀರ, ಹೀಗೆ ಒಂದೊಂದು ಪಾತ್ರಕ್ಕೂ ಆಪೆರಾದಲ್ಲಿ ಬೇರೆ ಬೇರೆ ಕಂಠ. ಅವೆಲ್ಲವನ್ನೂ ಒಂದೇ ಗಂಟಲಿಗೆ ಒಗ್ಗಿಸಿಕೊಂಡದ್ದು ಮುಂದೆ ಅವರ ಜೀವಮಾನದ ಬಂಡವಾಳವಾಯಿತು.

ಬೀಜಿಂಗಿನ ದಕ್ಷಿಣಕ್ಕೆ ತಿಯಾನ್‌ಚಿಯಾವೊ ಎಂಬ ಬಯಲುಸಂತೆ. ಕುಸ್ತಿಪಟುಗಳು, ಕತ್ತಿ ನುಂಗುವವರು, ಹಲ್ಲು ಕೀಳುವವರು, ಕತೆ ಹೇಳುವವರು ಎಲ್ಲ ಅಲ್ಲಿ ಒತ್ತೊತ್ತಾಗಿ ಆಟ ಹೂಡುತ್ತಿದ್ದರು. ‘ಮೋಡದಲ್ಲಿ ಹಾರುವವನು’ ಎಂದು ಹೆಸರಾದ ಕಲಾವಿದನ ಜಾಗದಲ್ಲಿ ಹುಡುಗ ಹಾಡಿಕೊಂಡಿದ್ದ. ಸಿಗರೇಟು ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ ಮಂತ್ರಿಯ ಟೋಪಿ ಮಾಡಿಕೊಂಡು ಗಂಭೀರ ನಾಟಕವನ್ನು ನಗೆಯಾಟವಾಗಿಸುವವನು ಆ ಕಲಾವಿದ. ನಗರದ ಉತ್ತರದಲ್ಲಿ ಹಳೆಯ ನಗಾರಿಗೋಪುರದ ಬುಡದಲ್ಲೂ ಇಂಥದೇ ಇನ್ನೊಂದು ಬಯಲಿತ್ತು. ಅಲ್ಲಿ ಪಕ್ಕದಲ್ಲೇ ಶಿಯಾಂಗ್‌ಶೆಂಗ್ ಆಟ ನಡೆಯುತ್ತಿತ್ತು. ತನ್ನ ಸರದಿ ಇಲ್ಲದಾಗ ಹುಡುಗ ಹೋಗಿ ಕೇಳುತ್ತ ನಿಲ್ಲುತ್ತಿದ್ದ. ಕೇಳಿ ಕೇಳಿ ಬಾಯಿಪಾಠವಾದ ಮೇಲೆ, ಯಾರಾದರೂ ಬಾರದಿದ್ದ ದಿನ ಅವರ ಜಾಗದಲ್ಲಿ ನಿಲ್ಲತೊಡಗಿದ. ಮೊದಲು ಚಾಂಗ್ ಬಾವೊಚೆನ್, ಅನಂತರ ಝು ಕುವೊಚುವಾನ್ ಗುರುಗಳಾದರು. ದಪ್ಪ ದೇಹದ ಝು ಅವರನ್ನು ಜನ ‘ದೊಡ್ಡ ಬ್ರೆಡ್ಡು’ ಎಂದು ಕರೆಯುತ್ತಿದ್ದರು. ಈ ಕಸುಬಿನಲ್ಲಿ ಗುರುವಿಲ್ಲದವನಿಗೆ ಮಾತಾಡುವ ಹಕ್ಕಿಲ್ಲ. ಶಿಷ್ಯನಾದವನಿಗೆ ಅವನ ಪೀಳಿಗೆಯ ಅಕ್ಷರ ಹೆಸರಿನಲ್ಲಿ ಸೇರುತ್ತದೆ. ‘ಬಾವೊ’ ಎಂಬುದು ಹಾಗೆ ಒಂದು ಪೀಳಿಗೆಯ ಗುರುತು.

ಆಗಿನ ಆಟದ ಸ್ಥಿತಿ ಮೇಲುಮಟ್ಟದ್ದೇನಲ್ಲ. ಕಾಸು ಬೀಳುವುದು ಹೊಲಸು ಮಾತಿಗೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಹೆಂಗಸರು ಗುಂಪಿನ ಬಳಿ ಬಂದರೆ ಕಲಾವಿದನೇ ಕೈಮುಗಿದು, ಇದು ನೀವು ಕೇಳುವಂಥದ್ದಲ್ಲ ಎಂದು ಸಾಗಹಾಕುತ್ತಿದ್ದ. ಕುರುಡರು, ಕುಂಟರು, ಹಳ್ಳಿಯಿಂದ ಬಂದ ಮುಗ್ಧರು ಸದಾ ನಗೆಪಾಟಲಿಗೆ ಈಡಾಗುತ್ತಿದ್ದರು. ಜೋಡಿಯಲ್ಲಿ ಒಬ್ಬ ಇನ್ನೊಬ್ಬನ ತಾಯಿ, ಹೆಂಡತಿಯರನ್ನು ಎಳೆದುತಂದು ಹೀಗಳೆಯುವುದು ಎಲ್ಲಕ್ಕಿಂತ ಸುಲಭದ ಗಂಟು. ಮಡಿವಂತಿಕೆಯವರು ಈ ಕಲೆಯನ್ನು ದೂರವಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಬೀಜಿಂಗಿನಲ್ಲಿ ವಿದ್ಯೆ, ಟಿಯಾಂಜಿನ್‌ನಲ್ಲಿ ಹೆಸರು ಎಂಬುದು ಚೀನದ ಕಲಾವಿದರ ಹಳೆಯ ಮಾತು. ಬಂದರಿನ ವ್ಯಾಪಾರದಿಂದ ಕೊಬ್ಬಿದ ಟಿಯಾಂಜಿನ್‌ನ ಜನ ಕಾಸು ಕೊಟ್ಟು ಕೇಳುವವರು, ತಪ್ಪಿದರೆ ಮುಖ ನೋಡದೆ ಕೂಗಿ ಇಳಿಸುವವರು. ಹೌ 1940ರಲ್ಲಿ ಅಲ್ಲಿಗೆ ಹೋದರು. ಊರು ಆಗ ಜಪಾನೀಯರ ಹಿಡಿತದಲ್ಲಿತ್ತು. ಜೊತೆಗಾರ ಗುವೊ ಚಿರು ಹೌ ಅವರಿಗಿಂತ ಹದಿನೇಳು ವರ್ಷ ದೊಡ್ಡವರು, ಸಾವಧಾನದ ಮನುಷ್ಯ. ಯಾನ್‌ಲೆ ನಾಟಕಶಾಲೆಯಲ್ಲಿ ಈ ಜೋಡಿ ನಿಂತಾಗ ಜನಕ್ಕೆ ಹೊಸದಾಗಿ ಕಂಡದ್ದು ಎರಡು. ತೆಳ್ಳನೆಯ ತರುಣ ಒಂದಾದ ಮೇಲೊಂದು ಹೆಸರಾಂತ ಆಪೆರಾ ಗಾಯಕರ ಕಂಠವನ್ನು ಕಣ್ಣೆದುರೇ ಬದಲಾಯಿಸಿ ತೋರಿಸುತ್ತಿದ್ದ. ಮತ್ತೆ, ಅವನ ಬಾಯಲ್ಲಿ ಹೊಲಸು ಇರಲಿಲ್ಲ. ಹೊಲಸಿಲ್ಲದೆ ನಗಿಸಬಲ್ಲವನು ಎಂಬುದೇ ಅವನ ಕೀರ್ತಿಯಾಯಿತು. ಟಿಯಾಂಜಿನ್‌ನ ಖಾಸಗಿ ಬಾನುಲಿ ನಿಲಯಗಳಲ್ಲಿ ಕಲಾವಿದರು ಜಾಹೀರಾತುಗಳ ನಡುವೆ ನೇರವಾಗಿ ಆಡುವ ರೂಢಿ ಆಗಲೇ ಇತ್ತು. ಬಾನುಲಿ ಪೆಟ್ಟಿಗೆ ಇರುವುದು ಮನೆಯ ನಡುಕೋಣೆಯಲ್ಲಿ. ಅಲ್ಲಿಂದ ಹೆಂಗಸರನ್ನೂ ಮಕ್ಕಳನ್ನೂ ಕೈಮುಗಿದು ಸಾಗಹಾಕಲು ಬರುವುದಿಲ್ಲ. ಶುದ್ಧ ಮಾತಿನ ನಗೆಗಾರನಿಗೆ ಕಾಲವೇ ದಾರಿ ಮಾಡಿಕೊಡುತ್ತಿತ್ತು. ಐದು ವರ್ಷದ ಬಳಿಕ ಬೀಜಿಂಗಿಗೆ ಮರಳಿದಾಗ ಹೌ ಹೆಸರಾಂತ ಕಲಾವಿದರು.

ಅವರ ಆಟದ ಕಸುವು ಅರಿಯಬೇಕಾದರೆ ಕೆಲವು ಪ್ರಸಂಗಗಳ ಒಳಗೆ ಇಳಿಯಬೇಕು. ‘ನಾಟಕ ಮತ್ತು ಆಡುನುಡಿ’ ಎಂಬುದರಲ್ಲಿ ಒಂದೇ ಅಂಗಳದ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ನಡುರಾತ್ರಿ ಒಬ್ಬ ಮೂತ್ರಕ್ಕೆಂದು ಎದ್ದು ಬಾಗಿಲು ತೆಗೆಯುತ್ತಾನೆ. ಸದ್ದಿಗೆ ಎಚ್ಚರಗೊಂಡ ಇನ್ನೊಬ್ಬ ಯಾರೆಂದು ಕೇಳುತ್ತಾನೆ. ಹಳೆಯ ಬೀಜಿಂಗಿನವರಾದರೆ ಇಷ್ಟಕ್ಕೆ ಎಷ್ಟೊಂದು ಉಪಚಾರದ ಮಾತು! ಯಾರದು, ಯಾಕೆ ಇನ್ನೂ ಮಲಗಿಲ್ಲ, ಚಳಿ ಇದೆ, ಮೈಮೇಲೆ ಏನಾದರೂ ಹೊದ್ದುಕೋ ಎನ್ನುವಷ್ಟರಲ್ಲಿ ಎದ್ದವನಿಗೆ ತಡೆಯಲಾಗದ ಪರಿಸ್ಥಿತಿ. ಶಾಂಡೊಂಗ್ ಸೀಮೆಯವರು ಇದನ್ನೇ ಮೂರು ಮೂರು ಅಕ್ಷರಗಳಲ್ಲಿ ಮುಗಿಸುತ್ತಾರೆ. ಶಾಂಘೈಯವರ ದಾಟಿ ಮತ್ತೊಂದು. ಹೆನಾನ್‌ನವರಿಗೆ ಒಟ್ಟು ನಾಲ್ಕೇ ಅಕ್ಷರ ಸಾಕು: ಯಾರು, ನಾನು, ಏನು, ಉಚ್ಚೆ. ನಾಲ್ಕು ಸೀಮೆಯ ಉಚ್ಚಾರವೂ ಹೌ ಅವರ ನಾಲಗೆಯಲ್ಲಿ ಕೂದಲೆಳೆ ತಪ್ಪದೆ ಇಳಿಯುತ್ತದೆ. ಮುಂದೆ ಬೀಜಿಂಗಿನವನೊಬ್ಬ ಶಾಂಘೈಯಲ್ಲಿ ಕ್ಷೌರಕ್ಕೆ ಹೋಗುತ್ತಾನೆ. ಅಲ್ಲಿನ ಮಾತಿನಲ್ಲಿ ತಲೆ ತೊಳೆಯುವುದು ಎಂಬುದು ಬೀಜಿಂಗಿನ ಕಿವಿಗೆ ತಲೆಗೆ ಹೊಡೆಯುವುದು ಎಂದು ಕೇಳಿಸುತ್ತದೆ. ಇಲ್ಲಿಗೆ ಬಂದವರಿಗೆಲ್ಲ ಮಾಡುತ್ತೇವೆ ಎಂದು ಕ್ಷೌರಿಕ ಸಮಾಧಾನ ಹೇಳಿದಷ್ಟೂ ಗಿರಾಕಿಯ ಎದೆ ಬಡಿತ ಏರುತ್ತದೆ. ದೇಶವೆಲ್ಲ ಬೀಜಿಂಗಿನ ಉಚ್ಚಾರವನ್ನು ಶಿಷ್ಟಭಾಷೆಯಾಗಿ ಕಲಿಯಬೇಕೆಂದು ಸರ್ಕಾರ ಹೊರಟಿದ್ದ 1950ರ ದಶಕದಲ್ಲಿ ಈ ತಮಾಷೆಗೆ ಒಂದು ಉಪಯೋಗವೂ ಇತ್ತು. ಆದರೆ ಅದು ಉಳಿದದ್ದು ಆ ಉಪಯೋಗದಿಂದಲ್ಲ. ಸೀಮೆಯ ಮಾತನ್ನು ಅಣಕಿಸುವವನಿಗೆ ಆ ಮಾತಿನ ಮೇಲೆ ಪ್ರೀತಿ ಇದ್ದುದು ಕೇಳಿದವರಿಗೆಲ್ಲ ತಿಳಿಯುತ್ತಿತ್ತು.

‘ಕಸುಬು ಬದಲಾವಣೆ’ ಎಂಬುದು 1908ರ ಕತೆ. ಗುವಾಂಗ್‌ಶು ಚಕ್ರವರ್ತಿ ತೀರಿಕೊಂಡಿದ್ದಾನೆ. ನೂರು ದಿನ ದೇಶಕ್ಕೆಲ್ಲ ಸೂತಕ. ನಾಟಕವಿಲ್ಲ, ಹಾಡಿಲ್ಲ, ಕೆಂಪು ಬಣ್ಣ ಎಲ್ಲೂ ಕಾಣಕೂಡದು. ಕೆಂಪು ಗಜ್ಜರಿಗೆ ನೀಲಿ ಗವಸು ಹೊಲಿಸಬೇಕು. ಕುಡಿದು ಕುಡಿದು ಮೂಗು ಕೆಂಪಾದವನು ಮೂಗಿಗೆ ನೀಲಿ ಬಳಿದುಕೊಂಡಲ್ಲದೆ ಹೊರಗೆ ಬರುವಂತಿಲ್ಲ. ಹೊಟ್ಟೆಪಾಡಿಗಾಗಿ ಹೆಸರಾಂತ ಗಾಯಕರೆಲ್ಲ ಬೀದಿ ವ್ಯಾಪಾರಕ್ಕಿಳಿಯುತ್ತಾರೆ. ನಗಾರಿ ಹಾಡಿನ ಲಿಯು ಬಾವೊಚುವಾನ್ ಗಂಜಿ ಮಾರುತ್ತ ತಿಂಡಿಗಳ ಹೆಸರನ್ನೇ ವೀರಗೀತೆಯ ಮಟ್ಟಿನಲ್ಲಿ ಕೂಗುತ್ತಾನೆ. ಮುದುಕಿಯ ಪಾತ್ರಕ್ಕೆ ಹೆಸರಾದ ಗೊಂಗ್ ಯುನ್‌ಫು ತರಕಾರಿ ಹೊತ್ತು, ಗಿರಾಕಿ ಕರೆದರೆ ರಂಗದ ಮೇಲಿನಂತೆ ನಿಧಾನವಾಗಿ ತಿರುಗಿ ರಾಗ ಎಳೆಯುತ್ತಾನೆ. ಬಣ್ಣದ ಮುಖದ ವೀರನ ಗಂಟಲಿಗೆ ಸಿಕ್ಕ ಕಲ್ಲಂಗಡಿ ವ್ಯಾಪಾರದ ಗತಿ ಹೇಳಬೇಕಾಗಿಲ್ಲ. ಸತ್ತ ಚಕ್ರವರ್ತಿಯ ತಮ್ಮನ ಅಡುಗೆಮನೆಯ ಅನ್ನ ತಿಂದು ಬೆಳೆದ ಮಗುವೇ ಆ ಸೂತಕದ ಕತೆಯನ್ನು ದೇಶಕ್ಕೆ ಹೇಳಿ ನಗಿಸಿದ್ದು ಚರಿತ್ರೆಯ ಒಂದು ಸೊಗಸು.

ಎಲ್ಲಕ್ಕಿಂತ ದೂರ ಹೋದದ್ದು ‘ಗುವಾನ್ ಗೊಂಗ್ ವಿರುದ್ಧ ಚಿನ್ ಚಿಯೊಂಗ್’. ಮೂಲದಲ್ಲಿ ಇದು ಝಾಂಗ್ ಜಿಯೆಯಾವೊ ಎಂಬ ಹಿರಿಯ ಕಲಾವಿದನ ಸರಕು. ಹೌ ಅದನ್ನು ತಿದ್ದಿ ತಮ್ಮದಾಗಿಸಿಕೊಂಡರು. ಶಾಂಡೊಂಗ್ ಪ್ರಾಂತವನ್ನು ಆಳುತ್ತಿದ್ದ ಸೇನಾಧಿಪತಿ ಹಾನ್ ಫುಜು ತನ್ನ ಅಪ್ಪನ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಆಪೆರಾ ಆಡಿಸುತ್ತಾನೆ. ಗುವಾನ್ ಗೊಂಗ್ ಎಂದೇ ಹೆಸರಾದ ವೀರ ಗುವಾನ್ ಯು ರಂಗಕ್ಕೆ ಬರುತ್ತಲೇ ಮುದುಕನಿಗೆ ಸಿಟ್ಟು: ಈ ಕೆಂಪು ಮುಖದವನು ಯಾವ ಊರಿನವನು? ಶಾನ್‌ಶಿಯವನೋ? ಶಾನ್‌ಶಿಯವನಿಗೆ ನಮ್ಮ ಶಾಂಡೊಂಗಿನಲ್ಲಿ ಏನು ಕೆಲಸ, ಯಾರ ಅಪ್ಪಣೆ ಪಡೆದು ಬಂದ? ನಮ್ಮೂರ ವೀರ ಚಿನ್ ಚಿಯೊಂಗನನ್ನು ಕರೆತನ್ನಿ, ಇಬ್ಬರೂ ಕಾದಲಿ! ಗುವಾನ್ ಯು ಹಾನ್ ರಾಜವಂಶದ ಕೊನೆಗಾಲದವನು. ಚಿನ್ ಚಿಯೊಂಗ್ ತಾಂಗ್ ಕಾಲದವನು, ಸತ್ತದ್ದು 638ರಲ್ಲಿ. ನಡುವೆ ನಾನೂರು ವರ್ಷ. ಆದರೆ ಆಡದಿದ್ದರೆ ತಂಡಕ್ಕೆ ಊಟವಿಲ್ಲ. ಕೊನೆಗೆ ಇಬ್ಬರು ವೀರರೂ ಎದುರುಬದುರು ನಿಂತು, ಯಾಕೆ ಕಾದುತ್ತಿದ್ದೇವೆಂದು ಒಬ್ಬರನ್ನೊಬ್ಬರು ಹಾಡಿನಲ್ಲೇ ಕೇಳಿಕೊಳ್ಳುತ್ತಾರೆ. ಕಾದದಿದ್ದರೆ ಅವನು ಅನ್ನ ಹಾಕುವುದಿಲ್ಲ ಎಂಬುದೇ ಉತ್ತರ. ಕಾಲಕ್ಕೆ ಕಾಲ ಕೂಡದ ಗೊಂದಲಕ್ಕೆ ಈ ಪ್ರಸಂಗದ ಹೆಸರೇ ಚೀನೀ ಭಾಷೆಯಲ್ಲಿ ಗಾದೆಯಂತೆ ನಿಂತಿದೆ. ಹಾನ್ ಫುಜು 1938ರಲ್ಲೇ ಮರಣದಂಡನೆಗೆ ಗುರಿಯಾಗಿದ್ದ. ಅವನ ಅಪ್ಪನನ್ನು ನೋಡಿ ನಗುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಹೊಟ್ಟೆಗಾಗಿ ಅಧಿಕಾರದ ಹುಚ್ಚಿಗೆ ತಾಳ ಹಾಕುವ ನಟರ ಪಾಡು ಮಾತ್ರ ಯಾವ ಒಬ್ಬ ಸೇನಾಧಿಪತಿಯ ಕಾಲಕ್ಕೂ ಸೀಮಿತವಲ್ಲ. ಪ್ರಸಂಗ ಬಾಳಿದ್ದರ ಗುಟ್ಟು ಅದೇ ಇರಬೇಕು.

1949ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದಾಗ ತಿಯಾನ್‌ಚಿಯಾವೊದ ಕಲಾವಿದರಿಗೆ ದಿಗಿಲು. ಬಡವರನ್ನು, ಅಂಗವಿಕಲರನ್ನು ಹೀಗಳೆಯುವ, ಹೊಲಸು ಆಡುವ ಕಲೆಗೆ ಹೊಸ ವ್ಯವಸ್ಥೆಯಲ್ಲಿ ಜಾಗವಿದ್ದೀತೆ ಎಂಬ ಪ್ರಶ್ನೆ. 1950ರ ಜನವರಿಯಲ್ಲಿ ಹೌ, ಸುನ್ ಯುಕುಯಿ ಮೊದಲಾದ ಹನ್ನೊಂದು ಮಂದಿ ಸೇರಿ ಶಿಯಾಂಗ್‌ಶೆಂಗ್ ಸುಧಾರಣಾ ಮಂಡಳಿಯನ್ನು ಕಟ್ಟಿದರು. ಅದೇ ತಾನೆ ಅಮೆರಿಕದಿಂದ ಮರಳಿದ್ದ ಕಾದಂಬರಿಕಾರ ಲಾವೊ ಶೆ ಹಳೆಯ ಪ್ರಸಂಗಗಳನ್ನು ತಿದ್ದಿಕೊಟ್ಟರು. ಭಾಷಾವಿಜ್ಞಾನಿ ಲುವೊ ಚಾಂಗ್‌ಪೆಯ್, ಸಾಹಿತ್ಯದ ವಿದ್ವಾಂಸ ವು ಶಿಯಾವೊಲಿಂಗ್ ಜೊತೆಗೂಡಿದರು. ಓದು ಬಾರದ ಕಲಾವಿದರೂ ವಿಶ್ವವಿದ್ಯಾಲಯದವರೂ ಒಂದೇ ಮೇಜಿನ ಸುತ್ತ ಕುಳಿತು ಯಾವ ಗಂಟನ್ನು ಉಳಿಸಬೇಕು, ಯಾವುದನ್ನು ಎಸೆಯಬೇಕೆಂದು ಚರ್ಚಿಸಿದ್ದು ಆ ಕಲೆಯ ಚರಿತ್ರೆಯಲ್ಲಿ ಮೊದಲನೆಯ ಸಲ. ಟಿಯಾಂಜಿನ್‌ನಲ್ಲಿ ಹತ್ತು ವರ್ಷ ಮೊದಲೇ ಶುದ್ಧ ಮಾತಿಗೆ ಹೊರಳಿದ್ದ ಹೌ ಅವರಿಗೆ ಈ ಬದಲಾವಣೆ ಅಷ್ಟು ಭಾರವೆನಿಸಲಿಲ್ಲ. ಲಾಭ ನಷ್ಟ ಎರಡೂ ಇದ್ದವು. ಹೊಲಸಿನ ಜೊತೆಗೆ ಕಲೆಯ ಮೊನಚೂ ಅಷ್ಟಿಷ್ಟು ಹೋಯಿತೆಂಬ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಹೊಸ ಪ್ರಸಂಗಗಳಲ್ಲಿ ‘ಮದುವೆ ಮತ್ತು ಮೂಢನಂಬಿಕೆ’ 1950ರ ವಿವಾಹ ಕಾನೂನಿನ ಬೆನ್ನಲ್ಲೇ ಬಂತು. ‘ರಾತ್ರಿ ಸವಾರಿ’ ಇಂದಿಗೂ ಹಳತಾಗದ ಸರಕು. ಅದರ ನಾಯಕನಿಗೆ ಸಂಚಾರದ ನಿಯಮವೆಂದರೆ ಆಗದು. ಅವನ ಸೈಕಲ್ಲಿನಲ್ಲಿ ಗಂಟೆಯೊಂದನ್ನು ಬಿಟ್ಟು ಉಳಿದೆಲ್ಲ ಭಾಗವೂ ಸದ್ದು ಮಾಡುತ್ತದೆ. ರಾತ್ರಿ ದೀಪ ಕಡ್ಡಾಯವೆಂದಾಗ ಕಾಗದದ ಲಾಟೀನು ಹಿಡಿದು ಹೊರಡುತ್ತಾನೆ. ತೋಳಿಗೆ ಬೆಂಕಿ ಹತ್ತುತ್ತದೆ, ಕೊನೆಗೆ ಗುಂಡಿಗೆ ಬೀಳುತ್ತಾನೆ. ಸರ್ಕಾರಿ ತಿಳಿವಳಿಕೆಯ ಭಾಷಣವಾಗಬೇಕಿದ್ದದ್ದು ಒಬ್ಬ ಹಟಮಾರಿಯ ಚಿತ್ರವಾದದ್ದು ಹೌ ಅವರ ಕೈಗುಣ. ‘ಕುಡುಕರು’ ಇನ್ನೂ ಪುಟ್ಟದು. ಒಬ್ಬ ಕುಡುಕ ಟಾರ್ಚಿನ ಬೆಳಕನ್ನು ಮೇಲಕ್ಕೆ ಬಿಟ್ಟು, ಈ ಕಂಬ ಹತ್ತು ನೋಡೋಣ ಎನ್ನುತ್ತಾನೆ. ಇನ್ನೊಬ್ಬನದು ಎಚ್ಚರದ ಉತ್ತರ: ಅರ್ಧ ಹತ್ತಿದಾಗ ನೀನು ದೀಪ ಆರಿಸಿದರೆ ನಾನು ಬೀಳುವುದಿಲ್ಲವೆ?

1950ರ ದಶಕದಲ್ಲೇ ಹೌ ಬೀಜಿಂಗಿನ ಕೇಂದ್ರ ಬಾನುಲಿಯ ಕಲಾತಂಡವನ್ನು ಸೇರಿದರು. ಹಳ್ಳಿಹಳ್ಳಿಗೂ ತಂತಿ ಎಳೆದು ಕಂಬಕ್ಕೆ ಧ್ವನಿವರ್ಧಕ ಕಟ್ಟುತ್ತಿದ್ದ ಕಾಲ ಅದು. ಮರಳಿನ ವೃತ್ತದ ಸುತ್ತ ಹೆಚ್ಚೆಂದರೆ ನೂರು ಜನ ನಿಲ್ಲಬಹುದು. ಕಂಬದ ಪೆಟ್ಟಿಗೆಗೆ ಲೆಕ್ಕವಿಲ್ಲ. ಮುಖಭಾವ ಕಾಣದಿರುವಾಗ ಹೂಂಗುಟ್ಟುವವನ ಪಾಲು ಇನ್ನೂ ಹಿರಿದಾಗುತ್ತದೆ. ಗುವೊ ಚಿರು ಅವರ ಅವಸರವಿಲ್ಲದ ‘ಹೂಂ’ ಕೇಳುಗರ ಪರವಾಗಿ ಅಲ್ಲಿ ಕುಳಿತಂತಿತ್ತು. ಹೌ ದನಿ ಏರಿಸಿ ಕೂಗುವವರಲ್ಲ. ಪಿಸುಮಾತಿಗೆ ಹತ್ತಿರದ ದನಿಯಲ್ಲಿ ಹೇಳಿ, ಗಂಟು ಬಿಚ್ಚಿದ ಮೇಲೂ ತಾವು ನಗದೆ ಮುಂದಕ್ಕೆ ನಡೆಯುವವರು. 1956ರಲ್ಲಿ ಇದೇ ಜೋಡಿ ‘ಉದ್ಯಾನದ ಕನಸು’ ಎಂಬರ್ಥದ ಹೆಸರಿನ ಕಿರುಚಿತ್ರದಲ್ಲೂ ನಟಿಸಿತು. ಆದರೆ ಅವರ ನಿಜವಾದ ಜಾಗ ಧ್ವನಿಯೇ.

ಆ ದಶಕದಲ್ಲಿ ವಿಡಂಬನೆಗೆ ಎಷ್ಟು ಜಾಗ ಇತ್ತೆಂಬುದಕ್ಕೆ ಟಿಯಾಂಜಿನ್‌ನ ಮಾ ಸಾನ್ಲಿ ಸಾಕ್ಷಿ. ಹೌ ಅವರಷ್ಟೇ ದೊಡ್ಡ ಕಲಾವಿದ ಆತ. ಹೆ ಚಿ ಬರೆದ ‘ಕೋತಿ ಖರೀದಿ’ಯಲ್ಲಿ ಒಬ್ಬ ಅಜಾಗರೂಕ ಗುಮಾಸ್ತ ಕೋತಿ ಗುರುತಿನ ಸಾಬೂನಿನ ಐವತ್ತು ಪೆಟ್ಟಿಗೆ ತರಿಸಬೇಕಾದಲ್ಲಿ ಐವತ್ತು ಕೋತಿ ತರಿಸಿ ಎಂದು ಬರೆಯುತ್ತಾನೆ, ಯಾಕೆಂದು ಒಬ್ಬರೂ ಕೇಳದೆ ಇಡೀ ಇಲಾಖೆ ಕೋತಿ ಹಿಡಿಯಲು ಹೊರಡುತ್ತದೆ. ದೇಶವೆಲ್ಲ ನಕ್ಕಿತು. ಕೆಲವೇ ವರ್ಷದಲ್ಲಿ ಬರೆದವರನ್ನೂ ಆಡಿದವರನ್ನೂ ಬಲಪಂಥೀಯರೆಂದು ಹಣೆಪಟ್ಟಿ ಹಚ್ಚಿ ಶಿಕ್ಷಿಸಲಾಯಿತು. ಹೌ ಅವರ ಗುರಿಗಳು ಬಹುಮಟ್ಟಿಗೆ ಸತ್ತ ಚಕ್ರವರ್ತಿ, ಸತ್ತ ಸೇನಾಧಿಪತಿ, ಕುಡುಕ, ಸೈಕಲ್ ಸವಾರ. ದೇಶದ ನಾಯಕ ಮಾವೊ ಝೆಡಾಂಗ್ ಹೌ ಅವರ ಆಟವನ್ನು ಮೆಚ್ಚಿ ನಾಯಕರ ನಿವಾಸವಿದ್ದ ಝೊಂಗ್‌ನಾನ್‌ಹಾಯ್ ಆವರಣಕ್ಕೆ ಹಲವು ವರ್ಷ ಮತ್ತೆ ಮತ್ತೆ ಕರೆಸಿಕೊಂಡದ್ದೂ ಅವರಿಗೆ ಆಸರೆಯಾಗಿತ್ತು.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಸುರುವಾದಾಗ ಆ ಆಸರೆಯೂ ಉಳಿಯಲಿಲ್ಲ. ಹಳೆಯ ಪ್ರಸಂಗಗಳೆಲ್ಲ ವಿಷವೆನಿಸಿಕೊಂಡವು. ಹೌ ಅವರನ್ನು ಸಭೆಗಳಲ್ಲಿ ನಿಲ್ಲಿಸಿ ನಿಂದಿಸಲಾಯಿತು; ಅನಂತರ ಹೆನಾನ್ ಪ್ರಾಂತದ ದುಡಿಮೆ ಶಿಬಿರಕ್ಕೆ ಕಳಿಸಲಾಯಿತು. ನಿಂದನಾ ಸಭೆಗೆ ಕರೆದೊಯ್ಯಲು ಬಂದವರ ಮುಂದೆ ಅವರು ತಾವೇ ಕಾಗದದಲ್ಲಿ ಮಾಡಿಟ್ಟುಕೊಂಡಿದ್ದ ಅವಮಾನದ ಟೋಪಿಯನ್ನು ಹೊರತೆಗೆದು ತಲೆಗಿಟ್ಟುಕೊಂಡರು, ನೋಡಿದವರಿಗೆ ನಗು ತಡೆಯಲಾಗಲಿಲ್ಲ ಎಂಬ ಕತೆ ಚೀನದಲ್ಲಿ ಜನಜನಿತ. ನಡೆದದ್ದು ಹಾಗೆಯೇ ಇರಲಿ ಬಿಡಲಿ, ರಟ್ಟಿನ ಟೋಪಿಯ ಕಲಾವಿದನ ಪಕ್ಕದಲ್ಲಿ ಬೆಳೆದವರ ಬಗ್ಗೆ ಹುಟ್ಟಬೇಕಾದ ಕತೆಯೇ ಅದು. ಕೆಲವು ಸಹಕಲಾವಿದರಿಗೆ ಬದುಕುಳಿಯುವ ಅದೃಷ್ಟ ಇರಲಿಲ್ಲ. ಒಂಟಿಯಾಗಿ ಕತೆ ಹೇಳುವುದರಲ್ಲಿ ಸಾಟಿಯಿಲ್ಲದ ಲಿಯು ಬಾವೊರುಯಿ 1968ರಲ್ಲಿ ತೀರಿಕೊಂಡರು. ಮರುವರ್ಷ ಗುವೊ ಚಿರು.

ಆ ಬಳಿಕ ಹೌ ಅವರಿಗೆ ಹೂಂಗುಟ್ಟಿದವರು ಗುವೊ ಚುವಾನ್‌ಬಾವೊ. 1975ರಲ್ಲಿ ಈ ಜೋಡಿಗೆ ಒಂದು ವಿಚಿತ್ರ ಕರೆ ಬಂತು. ಹಳೆಯ ಪ್ರಸಂಗಗಳು ಹೊರಗೆ ಇನ್ನೂ ನಿಷಿದ್ಧವಾಗಿದ್ದಾಗಲೇ, ಕಾಯಿಲೆ ಬಿದ್ದಿದ್ದ ಮಾವೊ ನೋಡಲೆಂದು ಅವುಗಳಲ್ಲಿ ಸುಮಾರು ಒಂದು ಡಜನ್ನು ಆರಿಸಿ ಬಣ್ಣದಲ್ಲಿ ಚಿತ್ರೀಕರಿಸಿಕೊಳ್ಳಲಾಯಿತು. ಕೋಟಿಗಟ್ಟಲೆ ಕೇಳುಗರಿದ್ದ ಕಲಾವಿದ ಒಬ್ಬ ಮುದುಕನಿಗಾಗಿ ಆಡಿದರು.

1979ರಲ್ಲಿ, ದೇಶ ಮತ್ತೆ ನಗಲು ಕಲಿಯುತ್ತಿದ್ದಾಗ, ಹೌ ರಂಗದಿಂದ ಹಿಂದೆ ಸರಿದರು. ಅವರಿಗಿನ್ನೂ ಅರುವತ್ತೆರಡು. ಉಳಿದ ಕಾಲವನ್ನು ಅವರು ಕೊಟ್ಟದ್ದು ಅಧ್ಯಯನಕ್ಕೆ. ಗುರುಗಳು ಬಾಯಿಂದ ಬಾಯಿಗೆ ದಾಟಿಸಿದ ವಿದ್ಯೆಗೆ ಬರವಣಿಗೆಯ ಚರಿತ್ರೆ ಇರಲಿಲ್ಲ. ಶುಯೆ ಬಾವೊಕುನ್, ವಾಂಗ್ ಜಿಂಗ್‌ಶೌ ಮುಂತಾದ ವಿದ್ವಾಂಸರೊಡನೆ ಸೇರಿ ಶಿಯಾಂಗ್‌ಶೆಂಗ್‌ನ ಮೂಲವನ್ನು ಹುಡುಕುವ ಗ್ರಂಥವನ್ನೂ, ಹಾಡು-ಮಾತಿನ ಕಲೆಗಳ ಬಗ್ಗೆ ಸಾಮಾನ್ಯ ಗ್ರಂಥವನ್ನೂ ಅವರು ಬರೆದರು. ಧರ್ಮದ ಶಾಲೆಯಲ್ಲಿ ಅಕ್ಷರ ಕಲಿತವರನ್ನು ಬೀಜಿಂಗ್ ವಿಶ್ವವಿದ್ಯಾಲಯ ಸಂದರ್ಶಕ 	ಪ್ರಾಧ್ಯಾಪಕರನ್ನಾಗಿ ಕರೆಯಿತು.

ಶಿಷ್ಯರಲ್ಲಿ ಮಾ ಜಿ ದೊಡ್ಡವರು. 1956ರಲ್ಲಿ ಹವ್ಯಾಸಿಗಳ ನಡುವೆ ಕಣ್ಣಿಗೆ ಬಿದ್ದ ಆತ ಮುಂದೆ ದೂರದರ್ಶನ ಕಾಲದ ತಾರೆಯಾದರು. ಇನ್ನೊಬ್ಬ ಶಿಷ್ಯ ಡಿಂಗ್ ಗುವಾಂಗ್‌ಚುವಾನ್ ವಿದೇಶೀಯರಿಗೆ ಈ ಕಲೆ ಕಲಿಸಲು ನಿಂತರು. ‘ದಾಶಾನ್’ ಎಂಬ ಹೆಸರಿನಿಂದ ಚೀನದ ಮನೆಮಾತಾದ ಕೆನಡಾದ ಮಾರ್ಕ್ ರೌಸ್ವೆಲ್ ಅವರಿಂದ ಪಾಠ ಹೇಳಿಸಿಕೊಂಡವರು. ಹೌ ಅವರ ಮಗ ಯಾವೊವೆನ್ ತಂದೆಯ ಕಸುಬನ್ನೇ ಹಿಡಿದರು. ಆದರೆ ಅಪ್ಪನೇ ಗುರುವಾಗುವಂತಿಲ್ಲ ಎಂಬುದು ಪರಂಪರೆಯ ಕಟ್ಟಳೆ. ಮಗ ಟಿಯಾಂಜಿನ್‌ನ ಝಾವೊ ಪೆಯ್ರು ಅವರ ಶಿಷ್ಯನೆನಿಸಿಕೊಳ್ಳಬೇಕಾಯಿತು. ಯಾವೊವೆನ್ ಅವರ ಶಿಷ್ಯ ಗುವೊ ದೆಗಾಂಗ್ ಹೊಸ ಶತಮಾನದಲ್ಲಿ ಈ ಕಲೆಯನ್ನು ದೂರದರ್ಶನದ ಕೋಣೆಯಿಂದ ಬಿಡಿಸಿ, ಟಿಕೆಟ್ಟು ಕೊಂಡು ಚಹ ಕುಡಿಯುತ್ತ ಕೇಳುವ ಹಳೆಯ ಬಗೆಯ ಚಾವಡಿಗೆ ಕರೆತಂದರು; ಕೆಲವರ ಪ್ರಕಾರ ಹೌ ಹೊರಹಾಕಿದ್ದ ಒರಟುತನವನ್ನೂ ತುಸು ಜೊತೆಗೆ ತಂದರು. 2008ರಲ್ಲಿ ಚೀನ ಸರ್ಕಾರ ಶಿಯಾಂಗ್‌ಶೆಂಗ್‌ನ್ನು ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೌ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿತ್ತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಿಂದಲೇ ಕೇಳುಗರಿಗೆ ಬೀಳ್ಕೊಡುಗೆಯ ಮಾತು ಹೇಳಿ ಬರೆಸಿದರು. ಕೇಳುಗರೇ ತಮಗೆ ಅನ್ನ ಬಟ್ಟೆ ಕೊಟ್ಟ ತಾಯಿತಂದೆ, ತಮಗೆ ಪಾಠ ಹೇಳಿದ ಗುರುಗಳು ಎಂಬುದು ಅದರ ತಾತ್ಪರ್ಯ. ಸ್ವಂತ ತಾಯಿತಂದೆಯರನ್ನು ಅರಿಯದವರು ಆಡಿದ್ದರಿಂದ ಆ ಸವಕಲು ಮಾತಿಗೂ ತೂಕ ಬಂದಿದೆ. 1993ರ ಫೆಬ್ರವರಿ 4ರಂದು ಅವರು ಬೀಜಿಂಗಿನಲ್ಲಿ ತೀರಿಕೊಂಡರು. 1975ರಲ್ಲಿ ಒಬ್ಬನೇ ಪ್ರೇಕ್ಷಕನಿಗಾಗಿ ತೆಗೆದ ಚಿತ್ರಸುರುಳಿಗಳು ಮುಂದೆ ಸಾರ್ವಜನಿಕರ ಕೈಗೂ ಬಂದವು. ಹೌ ಬಾವೊಲಿನ್ ಬೀಸಣಿಗೆ ಹಿಡಿದು ನಿಂತು ಆಡುವುದನ್ನು ಕಣ್ಣಾರೆ ನೋಡಬಯಸುವವರು ಇಂದು ನೋಡುವುದು ಹೆಚ್ಚಾಗಿ ಅವನ್ನೇ.